ಕೋಶಗಳು ಸಾಕು ಎಂದಾಗ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಡಾ. ನೀಲಾಂಬಿಕಾ ಹಂಪಿಹೊಳಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ, ಮೊದಲ ತಟ್ಟೆಯ ಕೋಶಗಳು ಸಂತೆಗೆ ಹೊರಟ ಟೆಂಪೋದಲ್ಲಿ ಕೂತ ಜನರ ಹಾಗೆ ಒಂದರ ಮೇಲೊಂದು ಹತ್ತಿ ಕೂತಿದ್ದವು. ಎರಡನೆಯ ತಟ್ಟೆಯಲ್ಲೂ ಅದೇ. ಹನ್ನೆರಡನೆಯದರಲ್ಲೂ ಅದೇ.

ಹಾಗಾಗಬಾರದಿತ್ತು. ಅವು ಆರೋಗ್ಯವಂತ ಕೋಶಗಳು. ಆರೋಗ್ಯವಂತ ಕೋಶಕ್ಕೆ ಒಂದು ಮರ್ಯಾದೆ ಇರುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತ ಹೋಗಿ, ಸುತ್ತ ನಾಲ್ಕೂ ಕಡೆ ಪಕ್ಕದವರ ಮೈ ತಾಗಿದ ಕೂಡಲೇ ನಿಂತುಬಿಡುತ್ತದೆ. ಕ್ಯಾನ್ಸರ್ ಕೋಶಕ್ಕೆ ಈ ಮರ್ಯಾದೆ ಗೊತ್ತಿಲ್ಲ. ಅದು ಪಕ್ಕದವರ ಹೆಗಲೇರಿ ಬೆಳೆಯುತ್ತದೆ. ನಿಲ್ಲುವುದನ್ನು ಕೋಶ ಹೇಗೆ ಮರೆಯುತ್ತದೆ ಎಂಬ ಒಂದೇ ಪ್ರಶ್ನೆಯ ಹಿಂದೆ ನೀಲಾ ಹದಿನಾಲ್ಕು ತಿಂಗಳು ಕಳೆದಿದ್ದಳು.

ಇದು ೨೦೪೧ರ ಮಾತು. ಧಾರವಾಡದ ಹೊರವಲಯದ ದಿಬ್ಬದ ಮೇಲಿದ್ದ ಅರ್ಬುದ ಜೀವವಿಜ್ಞಾನ ಕೇಂದ್ರದಲ್ಲಿ ನಡೆಯುತ್ತಿದ್ದುದು ಮೂಲ ಸಂಶೋಧನೆ ಮಾತ್ರ. ಫೈಲು ಹಿಡಿದು ಬಂದ ರೋಗಿಗಳಿಗೆ ಗೇಟಿನ ಕಾವಲುಗಾರ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ: "ಇಲ್ಲಿ ಔಷಧ ಕೊಡಂಗಿಲ್ರಿ. ಇಲ್ಲಿ ಬರೇ ವಿಚಾರ ಮಾಡ್ತಾರ." ನೀಲಾಳ ಅತ್ತೆ ಬಸಲಿಂಗವ್ವನಿಗೆ ಸೊಸೆಯ ಕೆಲಸದ ಬಗ್ಗೆ ಇದ್ದ ದೊಡ್ಡ ತಕರಾರೂ ಇದೇ. "ಒಬ್ಬ ಪೇಶಂಟೂ ಇಲ್ಲದ ದವಾಖಾನಿ. ಇಷ್ಟ ಚಂದ ಓದಿ, ಸೊಸಿ ತಾಟಿಗೆ ಉಣಸಾಕ ಹೊಕ್ಕಾಳ" ಎಂದು ಓಣಿಯಲ್ಲೆಲ್ಲ ಹೇಳಿದ್ದಳು.

ಆದರೆ ತಟ್ಟೆಗೆ ಉಣಿಸುವ ಕೆಲಸವನ್ನು ನೀಲಾ ಬಿಟ್ಟು ಮೂರು ವಾರವಾಗಿತ್ತು. ಈಗ ಅದನ್ನು ಮಾಡುತ್ತಿದ್ದುದು ದುಂಡವ್ವ. ಗುಂಡಗೆ ಕೊಪ್ಪರಿಗೆಯಂತಿದ್ದ ಆ ಯಂತ್ರಕ್ಕೆ ಕಾಗದದ ಮೇಲೆ ಬೇರೆ ಹೆಸರಿತ್ತು, ಯಾರಿಗೂ ನೆನಪಿರಲಿಲ್ಲ. ಕೋಶಗಳು ತಮ್ಮತಮ್ಮಲ್ಲಿ ರಾಸಾಯನಿಕಗಳ ಮೂಲಕ ಮಾತಾಡಿಕೊಳ್ಳುತ್ತವೆ. ದುಂಡವ್ವ ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯನ್ನು ತಟ್ಟೆಯಲ್ಲಿ ಅದ್ದಿ, ಅಲ್ಲಿ ತೇಲುತ್ತಿದ್ದ ಅರವತ್ತೆರಡು ಬಗೆಯ ಸಂದೇಶಗಳ ರುಚಿ ನೋಡಿ, ಅವನ್ನು ಮನುಷ್ಯರ ಮಾತಿಗೆ ಇಳಿಸುತ್ತಿತ್ತು: ಹಸಿವು, ಸ್ವಲ್ಪ ಸರಿ, ಸಾಕು. ಆಮೇಲೆ ಆ ಮಾತಿಗೆ ತಕ್ಕ ಹಾಗೆ ನಸುಗೆಂಪು ಪೋಷಕ ದ್ರವ ಬಡಿಸುತ್ತಿತ್ತು. ಆ ದ್ರವದಲ್ಲಿ ಆಹಾರದ ಜೊತೆ, ಬೆಳೆಯಲು ಹುರಿದುಂಬಿಸುವ ಸತ್ವವೂ ಇರುತ್ತದೆ. ನಾಲ್ಕು ಹನಿ ಹೆಚ್ಚಾದರೆ ಕೋಶವನ್ನು ಹಿಂದಿನಿಂದ ತಳ್ಳಿದ ಹಾಗೆ.

ಹೊರದೇಶದಿಂದ ಬಂದ ಹೊಸತರಲ್ಲಿ ದುಂಡವ್ವ ಸಾಕು ಎಂಬ ಮೊದಲ ಸುಳಿವಿಗೇ ಬಡಿಸುವುದನ್ನು ನಿಲ್ಲಿಸಿಬಿಡುತ್ತಿತ್ತು. ಎರಡು ವಾರದಲ್ಲಿ ಅರ್ಧ ತಟ್ಟೆಗಳು ಉಪವಾಸದಿಂದ ಸತ್ತವು. ಕೋಶಗಳೂ ಮನುಷ್ಯರಂತೆಯೇ ಸುಮ್ಮಸುಮ್ಮನೆ ಒಂದೆರಡು ಸಲ ಸಾಕು ಅನ್ನುತ್ತವೆ ಎಂದು ಗೊತ್ತಾದದ್ದು ಆಗ. ಯಾವುದು ನಿಜವಾದ ಸಾಕು ಎಂದು ತಿಳಿಯಲು, ಉಣ್ಣುವವರು ಏನಂದರು, ಬಡಿಸುವವರು ಏನು ಮಾಡಿದರು ಎಂಬುದನ್ನು ದುಂಡವ್ವ ಮನುಷ್ಯರನ್ನು ನೋಡಿಯೇ ಕಲಿಯಬೇಕಿತ್ತು. ಅದಕ್ಕೆ ಆರು ತಿಂಗಳ ಊಟದ ದೃಶ್ಯಗಳು ಬೇಕು. ಅಡುಗೆಮನೆಯಲ್ಲಿ ಕ್ಯಾಮೆರಾ ಇಡಲು ಯಾರು ಒಪ್ಪುತ್ತಾರೆ? ನೀಲಾ ತನ್ನ ಮನೆಯಲ್ಲೇ, ಚಟ್ನಿಪುಡಿಯ ಡಬ್ಬಿಗಳ ನಡುವೆ ಒಂದು ಕ್ಯಾಮೆರಾ ಇಟ್ಟು ಆರು ತಿಂಗಳ ಪಾಠವನ್ನು ದುಂಡವ್ವನಿಗೆ ಕಲಿಸಿದ್ದಳು.

ಸೂಕ್ಷ್ಮದರ್ಶಕದಿಂದ ಅವಳು ತಲೆ ಎತ್ತುವಷ್ಟರಲ್ಲಿ ಕೇಂದ್ರದ ನಿರ್ದೇಶಕ ಡಾ. ಪ್ರಹ್ಲಾದ ಕಟ್ಟಿ ಹಿಂದೆ ಬಂದು ನಿಂತಿದ್ದರು. ಅವರೂ ಇಣುಕಿದರು. ಹನ್ನೆರಡು ತಟ್ಟೆ ನೋಡಿ ಮುಗಿಸುವಾಗ ಅವರ ಕನ್ನಡಕ ಹಣೆಗೇರಿತ್ತು.

"ನೀಲಾ, ವಂಶವಾಹಿ ಪರೀಕ್ಷಾ ಮಾಡೀಯೇನು?"

"ಮಾಡೇನ್ರಿ ಸರ್. ಒಂದೂ ಕೆಟ್ಟಿಲ್ಲ."

"ಒಂದೂ ಕೆಟ್ಟಿಲ್ಲ! ಆದರೂ ಕ್ಯಾನ್ಸರ್ ಆದಂಗ ಬೆಳದಾವ! ಇಂಥಾದ್ದು ಜಗತ್ತಿನ್ಯಾಗ ಯಾರೂ ನೋಡಿಲ್ಲ. ಗುರುವಾರ ಕಮಿಟಿ ಬರ್ತದ. ಏನು ತೋರಸೋದು ಅಂತ ನನಗ ನಿದ್ದಿ ಇರಲಿಲ್ಲ."

ನಿದ್ದೆ ಇಲ್ಲದ್ದಕ್ಕೆ ಕಾರಣವಿತ್ತು. ಕೇಂದ್ರದ ಐದು ಪ್ರಯೋಗ ಕೊಠಡಿಗಳಲ್ಲಿ ಒಂದನ್ನು ಮುಚ್ಚಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಯಾವುದೆಂದು ಹೇಳಲು ಕಮಿಟಿ ಬರುತ್ತಿತ್ತು. ನೀಲಾಳ ಮೂರನೇ ಕೊಠಡಿಯಿಂದ ಇದುವರೆಗೆ ಒಂದು ಫಲಿತಾಂಶವೂ ಹೊರಬಿದ್ದಿರಲಿಲ್ಲ. ಕೊಠಡಿ ಮುಚ್ಚಿದರೆ, ದಿನ ಬಿಟ್ಟು ದಿನ, ದೀಪಾವಳಿ ಯುಗಾದಿ ಎನ್ನದೆ ಬಂದು ಉಣಿಸಿ ಬೆಳೆಸಿದ ಈ ಹನ್ನೆರಡು ತಟ್ಟೆಗಳಿಗೆ ಬ್ಲೀಚ್ ಸುರಿದು ಚೆಲ್ಲುತ್ತಾರೆ.

"ಸರ್, ಇನ್ನೊಮ್ಮೆ ನೋಡೂಣ್ರಿ. ನನಗ್ಯಾಕೋ ಅನುಮಾನ."

"ಅನುಮಾನ ಇರಬೇಕವಾ. ವಿಜ್ಞಾನಿಗೆ ಅನುಮಾನ ಇರಲೇಬೇಕು. ಗುರುವಾರ ಕಮಿಟಿ ಹ್ವಾದ ಮ್ಯಾಲೆ ಇಟಗೋ" ಎಂದು ಕಟ್ಟಿಯವರು ಆಗಲೇ ಬಾಗಿಲು ದಾಟಿದ್ದರು. ಮಧ್ಯಾಹ್ನದ ಚಹಾ ಬರುವ ಮೊದಲೇ ಅವರು ಕಮಿಟಿಗೆ ಸಾರಾಂಶ ಕಳಿಸಿದ್ದರು: 'ಯಾವ ಕಾರಣವೂ ಇಲ್ಲದೆ ನಿಲ್ಲುವುದನ್ನು ಮರೆತ ಆರೋಗ್ಯವಂತ ಕೋಶಗಳು: ಒಂದು ಅಪೂರ್ವ ಶೋಧ.'

ಸಂಜೆ ಮನೆಗೆ ಬಂದಾಗ ಪಡಸಾಲೆಯಲ್ಲಿ ಎದುರುಮನೆಯ ಗುರುಪಾದಪ್ಪ ಕೂತಿದ್ದರು. ನಿವೃತ್ತ ಪೋಸ್ಟ್ ಮಾಸ್ಟರ್. ಒಯ್ದಿದ್ದ ಏಣಿಯನ್ನು ವಾಪಸು ಕೊಟ್ಟು ಹೋಗಲು ಬಂದವರು ಈಗ ನಾಲ್ಕನೆಯ ರೊಟ್ಟಿಯ ಮುಂದಿದ್ದರು.

"ಸಾಕ್ ಬಸಲಿಂಗವ್ವಾರ, ಖರೇನ ಸಾಕು."

"ಏನ್ ಸಾಕು? ಗುಬ್ಬಿ ತಿಂದಂಗ ತಿಂದೀರಿ" ಎಂದು ಬಸಲಿಂಗವ್ವ ಎಣ್ಣೆಗಾಯಿಯ ಸೌಟು ಎತ್ತಿದಳು. ಗುರುಪಾದಪ್ಪ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಬಸಲಿಂಗವ್ವ ಬೆರಳುಗಳ ಸಂದಿಯಲ್ಲೇ ಗುರಿಯಿಟ್ಟು ಬಡಿಸಿದಳು. ಅವರು ಕೈ ನೆಕ್ಕಿಕೊಂಡು, ಅನಿವಾರ್ಯವೆಂಬಂತೆ, ಐದನೆಯ ರೊಟ್ಟಿ ಮುರಿದರು.

ನೀಲಾ ಕೈಕಾಲು ತೊಳೆದು ಮಗಳು ಇಂಚರಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಆರು ವರ್ಷದ ಇಂಚರಳ ಊಟಕ್ಕೆ ದಿನವೂ ಒಂದು ಗಂಟೆ ಬೇಕು. ಗಂಡ ಬೀದರಿಗೆ ವರ್ಗವಾಗಿ ಹೋದಾಗಿನಿಂದ ಆ ಗಂಟೆ ಪೂರ್ತಿಯಾಗಿ ನೀಲಾಳದೇ. ಅವಳು ಅದನ್ನು ಎಂದೂ ಅವಸರ ಮಾಡಿದವಳಲ್ಲ.

"ಇದು ಅಪ್ಪನ ತುತ್ತು. ಆಂ ಮಾಡು. ಇದು ಆಯಿ ತುತ್ತು. ಇದು ಹಿತ್ತಲ ಬೆಕ್ಕಿನ ತುತ್ತು. ಇದು ಟೀಚರ್ ತುತ್ತು."

ಇಂಚರ ಏನೂ ಹೇಳಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು, ತೆರೆದಳು. ಎರಡೂ ಕೆನ್ನೆ ಉಬ್ಬಿದವು. ಮಗಳು ಇತ್ತೀಚೆಗೆ ಹಟ ಮಾಡದೆ ಉಣ್ಣುತ್ತಾಳೆ ಎಂದು ನೀಲಾ ಬೀದರಿಗೆ ಫೋನಿನಲ್ಲಿ ಹೇಳಿದ್ದಳು.

ಮಂಗಳವಾರ ನೀಲಾ ಪ್ರಯೋಗಾಲಯದ ತಂತ್ರಜ್ಞೆ ರೇಷ್ಮಾ ನದಾಫಳನ್ನು ಕರೆದು, ದುಂಡವ್ವನಿಗೆ ಒಂದು ಸ್ಪೀಕರ್ ಜೋಡಿಸಲು ಹೇಳಿದಳು. ಇಷ್ಟು ದಿನ ಅವರು ನೋಡುತ್ತಿದ್ದುದು ಅಂಕಿಗಳ ಪಟ್ಟಿ ಮಾತ್ರ. ತಟ್ಟೆಗೂ ಯಂತ್ರಕ್ಕೂ ನಡೆಯುವ ಮಾತನ್ನು ಯಾರೂ ಕಿವಿಯಿಂದ ಕೇಳಿರಲಿಲ್ಲ. ಸೋಮವಾರ ಕಂಡ ಕೋಶಗಳ ಗುಡ್ಡೆಗಳಿಂದ ಏನೂ ತಿಳಿಯುವಂತಿರಲಿಲ್ಲವಾದ್ದರಿಂದ, ದಾಸ್ತಾನಿನಿಂದ ಹೊಸ ಕೋಶಗಳ ಹದಿಮೂರನೆಯ ತಟ್ಟೆಯೊಂದನ್ನು ಸೂಜಿಯ ಕೆಳಗಿಟ್ಟರು.

ಸ್ವಲ್ಪ ಹೊತ್ತು ಬರೀ ಗುಂಯ್ ಎಂಬ ಸದ್ದು. ಆಮೇಲೆ ತೆಳ್ಳಗಿನ ದನಿಯಲ್ಲಿ ತಟ್ಟೆ ಹೇಳಿತು: "ಸಾಕು."

"ಏನ್ ಸಾಕು? ಗುಬ್ಬಿ ತಿಂದಂಗ ತಿಂದಿ" ಎಂದಿತು ದುಂಡವ್ವ. ಸೂಜಿಯಿಂದ ನಾಲ್ಕು ಹನಿ ಬಿತ್ತು.

ರೇಷ್ಮಾ ಕೈಯಲ್ಲಿದ್ದ ಗ್ಲೌಸ್ ಡಬ್ಬಿಯನ್ನು ನಿಧಾನಕ್ಕೆ ಕೆಳಗಿಟ್ಟಳು.

"ಸಾಕು."

"ಇಷ್ಟ ಉಂಡ್ರ ಮೈಗೆ ಹತ್ತೂದ ಹ್ಯಾಂಗ? ನಮ್ಮನಿ ಊಟ ಸೇರಂಗಿಲ್ಲೇನು?" ಮತ್ತೆ ನಾಲ್ಕು ಹನಿ.

"ಯಾ ಅಲ್ಲಾ!" ರೇಷ್ಮಾ ಮೇಜು ಹಿಡಿದುಕೊಂಡು ನಗತೊಡಗಿದಳು. "ಮೇಡಂ, ಇದು ನಮ್ಮಪ್ಪನ ಅಕ್ಕ, ನಮ್ಮ ಫುಪ್ಪಿ ಮಾತಾಡಿದಂಗ ಐತ್ರಿ!"

ನೀಲಾ ನಗಲಿಲ್ಲ. "ನಿಮ್ಮ ಫುಪ್ಪಿ ಅಲ್ಲ. ಇದು ನಮ್ಮತ್ತಿ" ಎಂದಳು. ಎಲ್ಲವೂ ಅವಳಿಗೆ ಒಮ್ಮೆಲೇ ಕಂಡಿತು. ಆರು ತಿಂಗಳ ಪಾಠದಲ್ಲಿ ದುಂಡವ್ವ ಕಲಿತದ್ದು ಒಂದೇ ನಿಯಮ: ಯಾರಾದರೂ ಸಾಕು ಅಂದರೆ ಇನ್ನೊಂದು ಸೌಟು ಹಾಕಬೇಕು. ಜೋರಾಗಿ ಸಾಕು ಅಂದರೆ ಎರಡು. ಅಪೂರ್ವ ಶೋಧವೂ ಇಲ್ಲ, ಮಣ್ಣೂ ಇಲ್ಲ. ಕೋಶಗಳು ಪಾಪ ಮರ್ಯಾದೆಯಿಂದಲೇ ಬೇಡ ಎಂದಿವೆ. ದುಂಡವ್ವ ಬಿಟ್ಟಿಲ್ಲ.

"ಅತ್ತೀನ್ನ ಏನನ್ನೂಣು?" ನೀಲಾ ಹಣೆ ಒತ್ತಿಕೊಂಡಳು. "ಯಾರ ಮಾತೂ ಕೇಳಿದವರಲ್ಲ. ಈಗ ಕೋಶದ ಮಾತೂ ಕೇಳಲಿಲ್ಲ."

ಅಷ್ಟರಲ್ಲಿ ದುಂಡವ್ವ ಮುಂದುವರಿಸಿತು. ಈ ಸಲ ದನಿಯಲ್ಲಿ ಜಬರ್ದಸ್ತಿ ಇರಲಿಲ್ಲ. ಸಮಾಧಾನವಿತ್ತು, ಅಕ್ಕರೆಯಿತ್ತು. "ಆಂ ಮಾಡು. ಇದು ಅಪ್ಪನ ತುತ್ತು." ಒಂದು ಹನಿ. "ಇದು ಆಯಿ ತುತ್ತು." ಇನ್ನೊಂದು. "ಇದು ಹಿತ್ತಲ ಬೆಕ್ಕಿನ ತುತ್ತು."

ರೇಷ್ಮಾಳ ನಗು ನಿಂತಿತು. ಅವಳು ನೀಲಾಳ ಮುಖ ನೋಡಿ, ಆಮೇಲೆ ಕಿಟಕಿಯ ಹೊರಗೆ ನೋಡಿದಳು. "ಇದು ನಿಮ್ಮತ್ತಿ ಅಲ್ಲ ಅನಸ್ತೈತ್ರಿ ಮೇಡಂ."

ಪಾಠಗಳ ಪಟ್ಟಿ ತೆಗೆದು ನೋಡಿದರು. ಸಾಕು ಎಂದ ಮೇಲೂ ಬಡಿಸಿದ ದೃಶ್ಯಗಳಲ್ಲಿ ಬಸಲಿಂಗವ್ವನವು ಮೂರರಲ್ಲೊಂದು ಪಾಲು. ಉಳಿದದ್ದೆಲ್ಲ ನೀಲಾಳದು. ಅತ್ತೆಯದು ವಾರಕ್ಕೆರಡು ಸಲ ಅತಿಥಿಗಳ ಮೇಲೆ ದಾಳಿ. ಇವಳದು ದಿನಕ್ಕೆ ಎರಡು ಹೊತ್ತು, ರಜೆಯಿಲ್ಲದೆ, ಹಾಡಿನಂಥ ದನಿಯಲ್ಲಿ.

ನೀಲಾ ಇನ್ನೊಂದು ಪಟ್ಟಿ ತೆಗೆದಳು. ಹನ್ನೆರಡು ತಟ್ಟೆಗಳು ಯಾವ ದಿನ ಎಷ್ಟು ಸಲ ಸಾಕು ಎಂದಿದ್ದವು ಎಂಬ ಲೆಕ್ಕ. ಮೊದಲ ದಿನ ನಾನೂರು ಚಿಲ್ಲರೆ. ಮೂರನೆಯ ದಿನ ಇನ್ನೂರು. ಆರನೆಯ ದಿನ ಹತ್ತೊಂಬತ್ತು. ಒಂಬತ್ತನೆಯ ದಿನದಿಂದ ಒಂದೂ ಇಲ್ಲ. ಆಮೇಲೆಯೇ ಅವು ಒಂದರ ಮೇಲೊಂದು ಹತ್ತತೊಡಗಿದ್ದವು.

"ಅಂದ್ರ ಹೇಳೂದ ಬಿಟ್ಟುಬಿಟ್ಟಾವ್ರಿ" ಎಂದಳು ರೇಷ್ಮಾ.

ನೀಲಾ ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿದಳು. ಇಂಚರ ಕೊನೆಯ ಸಲ ಸಾಕು ಅಂದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಮಳೆಗಾಲಕ್ಕಿಂತ ಮುಂಚೆ ಇರಬೇಕು.

ಬುಧವಾರ ಕಟ್ಟಿಯವರು ಎಲ್ಲವನ್ನೂ ಕೇಳಿಸಿಕೊಂಡರು. ನಂತರ ಬಾಗಿಲು ಹಾಕಿ ಬಂದರು.

"ಸಾರಾಂಶ ಹೋಗಿ ಮುಟ್ಟೇದ. ಓದಿ ಸಂತೋಷಪಟ್ಟಾರಂತ. ಈಗ ಇದು ಶೋಧ ಅಲ್ಲ, ನಿಮ್ಮನಿ ಊಟದ ಪದ್ಧತಿ ಅಂದ್ರ ಮೂರನೇ ಕೊಠಡಿ ಉಳೀತದೇನು?"

"ಉಳ್ಯಾಂಗಿಲ್ರಿ ಸರ್."

"ನಾ ಸುಳ್ಳು ಹೇಳು ಅನ್ಲಿಕ್ಕತ್ತಿಲ್ಲ. ಬಾಯಿ ಮುಚ್ಚಸು ಅನ್ಲಿಕ್ಕತ್ತೇನಿ. ನಿಂದಲ್ಲ, ಯಂತ್ರದ್ದು. ಆ ಸ್ಪೀಕರ್ ಒಂದು ತಗದುಬಿಡು. ಅವರು ನೋಡ್ತಾರ, ಹೋಗ್ತಾರ. ಮುಂದಿನ ತಿಂಗಳ ನಾವ ತಿದ್ದಿಕೊಂಡ್ರಾತು."

ನೀಲಾ ಲೆಕ್ಕದ ಪಟ್ಟಿ ಎತ್ತಿಕೊಂಡು ಹೊರಬಂದಳು. ಸಂಜೆ ಗೇಟು ದಾಟುವಾಗ ಎಳೆಯ ವಯಸ್ಸಿನ ದಂಪತಿ ಫೈಲು ಹಿಡಿದು ನಿಂತಿದ್ದರು. ಕಾವಲುಗಾರ ಎಂದಿನ ಮಾತು ಹೇಳಿದ. ಹೆಂಗಸು, "ವಿಚಾರ ಮಾಡಾಕತ್ತಾರಲ್ಲ, ಅಷ್ಟರ ಐತಲ್ಲ" ಎಂದು ಗಂಡನಿಗೆ ಹೇಳಿ ತಿರುಗಿದಳು. ಈ ಮಾತು ನೀಲಾಳ ಜೊತೆ ಬಸ್ಸಿನಲ್ಲಿ ಮನೆಯವರೆಗೆ ಬಂತು. ಕಾರಣವಿಲ್ಲದೆ ಕೋಶ ಕೆಡುತ್ತದೆ ಎಂದು ತಾನು ಬರೆದರೆ, ಅದನ್ನು ನಂಬಿ ಎಷ್ಟು ಊರಿನ ಎಷ್ಟು ಜನ ಎಷ್ಟು ವರ್ಷ ಇಲ್ಲದ ದಾರಿಯಲ್ಲಿ ವಿಚಾರ ಮಾಡಬೇಕು?

ಗುರುವಾರ ಕಮಿಟಿ ಬಂತು. ಅದರ ಮುಖ್ಯಸ್ಥೆ ಡಾ. ಯಮುನಾ ಉಚ್ಚಿಲ ಕರಾವಳಿಯವರು. ತೆಳ್ಳಗೆ, ಎತ್ತರಕ್ಕೆ, ಅಳತೆಪಟ್ಟಿಯ ಹಾಗೆ. ಕಟ್ಟಿಯವರು ಅಪೂರ್ವ ಎಂಬ ಪದವನ್ನು ಮೂರನೆಯ ಸಲ ಬಳಸುವಾಗ ನೀಲಾ ಎದ್ದು ನಿಂತಳು.

"ಕ್ಷಮಿಸಬೇಕು ಮೇಡಂ. ಇದು ಶೋಧ ಅಲ್ಲ. ನನ್ನ ತಪ್ಪು. ನೀವೇ ಕೇಳಿ." ಸ್ಪೀಕರಿನ ಗುಂಡಿ ಒತ್ತಿದಳು.

"ಸಾಕು" ಎಂದಿತು ಹದಿಮೂರನೆಯ ತಟ್ಟೆ.

"ಏನ್ ಸಾಕು? ನಾಚಿಕೋಬ್ಯಾಡ, ಹಾಕ್ಕೋ" ಎಂದಿತು ದುಂಡವ್ವ.

ಕಮಿಟಿಯ ಕೊನೆಯ ಕುರ್ಚಿಯಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಕಟ್ಟಿಯವರು ಕನ್ನಡಕ ತೆಗೆದು ಒರೆಸತೊಡಗಿದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. "ಇದು ಟೀಚರ್ ತುತ್ತು" ಎಂದು ಯಂತ್ರ ಅಕ್ಕರೆಯಿಂದ ಮುಂದುವರಿಸಿತು. ನೀಲಾ ಕೆಂಪೇರಿದ ಮುಖದಲ್ಲೇ ಕ್ಯಾಮೆರಾ, ಅತ್ತೆ, ಮಗಳು, ತಾನು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು.

ಉಚ್ಚಿಲರು ಪೆನ್ನು ಕೆಳಗಿಟ್ಟರು. "ಎಂತ ಇದು ಮಾರಾಯ್ರೆ! ಹದಿನಾಲ್ಕು ತಿಂಗಳು ಕೆಲಸ ಮಾಡಿ, ಕೊನೆಗೆ ಮಗುವಿಗೆ ಊಟ ಮಾಡಿಸಿದ ಹಾಗೆ ಕೋಶಕ್ಕೆ ಮಾಡಿಸಿದ್ದಾ?"

"ಹೌದು ಮೇಡಂ."

"ಕಟ್ಟಿಯವರೇ, ಇದು ನಿಮಗೆ ಗೊತ್ತಿತ್ತಾ?"

"ನನಗ... ನಿನ್ನಿ ಗೊತ್ತಾತ್ರಿ" ಎಂದರು ಕಟ್ಟಿಯವರು, ಕನ್ನಡಕಕ್ಕೆ.

ಉಚ್ಚಿಲರು ಲೆಕ್ಕದ ಪಟ್ಟಿ ಎಳೆದುಕೊಂಡರು. ಬೆರಳು ಸಾಲಿನಿಂದ ಸಾಲಿಗೆ ಇಳಿದು ಒಂಬತ್ತನೆಯ ದಿನದ ಮೇಲೆ ನಿಂತಿತು. "ಇಲ್ಲಿ ಸೊನ್ನೆ ಯಾಕೆ?"

"ಗೊತ್ತಿಲ್ಲ ಮೇಡಂ. ಹೇಳುವ ಶಕ್ತಿಯೇ ಹೋಯಿತೋ, ಹೇಳಿ ಉಪಯೋಗವಿಲ್ಲ ಎಂದು ಬಿಟ್ಟವೋ ಗೊತ್ತಿಲ್ಲ."

"ಕೇಳಿಸಿಕೊಳ್ಳುವವರು ಸಿಕ್ಕಿದರೆ ಮತ್ತೆ ಹೇಳುತ್ತವಾ?"

"ಅದೂ ಗೊತ್ತಿಲ್ಲ."

"ಮೂರು ಸಲ ಗೊತ್ತಿಲ್ಲ ಅಂದಿರಿ. ಬೆಳಿಗ್ಗೆಯಿಂದ ಈ ಕಟ್ಟಡದಲ್ಲಿ ನಾನು ಕೇಳಿದ ಮೊದಲ ಪ್ರಾಮಾಣಿಕ ವಿಜ್ಞಾನ ಇದು" ಎಂದರು ಉಚ್ಚಿಲರು, ನಗದೆ. "ಹದಿನೈದು ದಿನ ಕೊಡ್ತೇನೆ. ಈ ಹನ್ನೆರಡು ತಟ್ಟೆಗಳು ಮತ್ತೆ ಸಾಕು ಅಂದರೆ ನಿಮ್ಮ ಪ್ರಶ್ನೆಯಲ್ಲಿ ಜೀವ ಉಂಟು, ಕೊಠಡಿ ಇರಲಿ. ಇಲ್ಲದಿದ್ದರೆ ಮುಚ್ಚಿ."

ಈ ಸಲ ತಿದ್ದಬೇಕಾದದ್ದು ಒಂದೇ ನಿಯಮವಾದ್ದರಿಂದ ದುಂಡವ್ವನ ಹೊಸ ಪಾಠಕ್ಕೆ ಆರು ತಿಂಗಳು ಬೇಡ, ಹದಿನೈದು ದಿನದಲ್ಲಿ ಒಂದು ವಾರ ಬೇಕು. ಅಲ್ಲಿಯವರೆಗೆ ರೇಷ್ಮಾ ತಟ್ಟೆಗಳಿಗೆ ಕೈಯಿಂದಲೇ ಉಣಿಸುತ್ತಾಳೆ. ಆದರೆ ಪಾಠಕ್ಕೆ, ಸಾಕು ಅಂದರೆ ನಿಲ್ಲಿಸುವ ಒಂದು ಮನೆ ಬೇಕಲ್ಲ! ಕಟ್ಟಿಯವರು ತಮ್ಮ ಮನೆ ಕೊಡುತ್ತೇನೆಂದರು. ಅಲ್ಲಿ ಎಲ್ಲರೂ ಪಾತ್ರೆ ಮುಂದಿಟ್ಟುಕೊಂಡು ತಾವೇ ಹಾಕಿಕೊಳ್ಳುತ್ತಿದ್ದರು, ಬಡಿಸುವವರೇ ಇರಲಿಲ್ಲ. ರೇಷ್ಮಾ ತಮ್ಮ ಮನೆಯ ಮಾತೇ ಬೇಡವೆಂದಳು. "ನಮ್ಮಲ್ಲಿ ಸಾಕು ಅಂದ್ರ ಜಡ್ಡಾಗೈತಿ ಅಂತ ಡಾಕ್ಟರ್ ಕಡೆ ಒಯ್ತಾರ್ರಿ." ಕ್ಯಾಂಟೀನಿನಲ್ಲಿ ಸಾಕು ಅನ್ನುವ ಮೊದಲೇ ಪಲ್ಯ ಮುಗಿದಿರುತ್ತಿತ್ತು.

ಕೊನೆಗೆ ನೀಲಾ ಅತ್ತೆಯ ಎದುರು ಕೂತು ಎಲ್ಲ ಹೇಳಿದಳು. ಬಸಲಿಂಗವ್ವ ಶೇಂಗಾ ಸಿಪ್ಪೆ ತೆಗೆಯುತ್ತ ಕೇಳಿದಳು.

"ಅಂದ್ರ ನಾ ಬಡಿಸಿದ್ದಕ್ಕ ಅವಕ್ಕ ಕ್ಯಾನ್ಸರ್ ಬಂತಂತೇನ?"

"ಅಲ್ರಿ ಅತ್ತೀ. ಕ್ಯಾನ್ಸರ್ ಅಲ್ಲ, ಹಂಗ ಕಾಣಿಸ್ತು ಅಷ್ಟ. ಮತ್ತ ನಿಮ್ಮಕಿಂತ ನಾ ಬಡಿಸಿದ್ದ ಹೆಚ್ಚು."

ಇದನ್ನು ಕೇಳಿ ಬಸಲಿಂಗವ್ವನಿಗೆ ಸ್ವಲ್ಪ ಸಮಾಧಾನವಾಯಿತು. "ನೋಡು, ಸಾಕಿನ್ಯಾಗ ಮೂರು ನಮೂನಿ ಅದಾವು. ಮೊದಲನೇ ಸಾಕು ನಾಚಿಕಿದು. ಅದನ್ನ ಕೇಳಬಾರದು, ಕೇಳಿದ್ರ ಮಂದಿ ಹಸದ ಹೋಗ್ತಾರ. ಎರಡನೇದು ಹೊಟ್ಟಿದು. ಮೂರನೇದು ಸಿಟ್ಟಿಂದು. ಮಾರಿ ನೋಡಿದ್ರ ಗೊತ್ತಾಗತೈತಿ."

ನೀಲಾಳ ಬಾಯಿ ತೆರೆದೇ ಇತ್ತು. ಮೂರು ದೇಶಗಳ ಎಂಜಿನಿಯರುಗಳು ಎರಡು ವರ್ಷ ಹುಡುಕಿದ ವಿಷಯ ಇದು. "ಎರಡನೇದು ಹೊಟ್ಟಿದು ಅಂತ ಗೊತ್ತಿದ್ದೂ ಮತ್ತ್ಯಾಕ ಹಾಕ್ತೀರಿ?"

"ಹಾಕದಿದ್ರ ನಾಳಿ ಓಣ್ಯಾಗ ಏನಂತಾರ?"

"ಒಂದು ವಾರ, ಅತ್ತೀ. ಎರಡನೇದಕ್ಕ ನಿಲ್ಲಸ್ರಿ. ಇಲ್ಲಂದ್ರ ನನ್ನ ತಾಟು ಎಲ್ಲಾ ಚೆಲ್ತಾರ."

ಬಸಲಿಂಗವ್ವ ಶೇಂಗಾ ಮೊರವನ್ನು ಪಕ್ಕಕ್ಕಿಟ್ಟಳು. ಅನ್ನದ ತಾಟನ್ನು ಚೆಲ್ಲುವುದು ಅವಳ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪಾಪ. "ಆತು" ಎಂದಳು. "ಆದ್ರ ಒಂದ ವಾರ."

ಆ ವಾರ ಹಂಪಿಹೊಳಿಯವರ ಮನೆಯಲ್ಲಿ ನಡೆದ ಊಟಗಳನ್ನು ನೋಡಿದವರು ಮರೆಯಲಾರರು. ಮೊದಲ ಅತಿಥಿ ಗುರುಪಾದಪ್ಪನವರೇ. ಎರಡನೆಯ ಸಾಕಿಗೆ ಬಸಲಿಂಗವ್ವನ ಸೌಟು ಗಾಳಿಯಲ್ಲಿ ನಿಂತಿತು. ಹಣೆಯ ಮೇಲೆ ಬೆವರು ಬಂತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಸೌಟನ್ನು ಪಾತ್ರೆಗೆ ಇಳಿಸಿದಳು. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದಿದ್ದ ಗುರುಪಾದಪ್ಪ ಸ್ವಲ್ಪ ಹೊತ್ತು ಹಾಗೇ ಕಾದರು. ಏನೂ ಬೀಳಲಿಲ್ಲ. ಬೆರಳು ಅಗಲಿಸಿ ನೋಡಿದರು.

"ಬಸಲಿಂಗವ್ವಾರ, ನನ್ನಿಂದ ಏನರ ತಪ್ಪಾತೇನ್ರಿ?"

"ಇಲ್ಲಪಾ. ಹೊಟ್ಟಿ ತುಂಬೇತಿ ನಿಮಗ."

ಹೊಟ್ಟೆ ನಿಜಕ್ಕೂ ತುಂಬಿತ್ತು. ಆದರೂ ಅವರು ಮೂರು ದಿನ ಮುಖ ತೋರಿಸಲಿಲ್ಲ. ಹಂಪಿಹೊಳಿಯವರ ಮನೆಯಲ್ಲಿ ಕೈ ಬಿಗಿಯಾಗಿದೆ, ಬೀದರಿನಿಂದ ಮಗ ಪಗಾರ ಕಳಿಸುತ್ತಿಲ್ಲವಂತೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ಬಸಲಿಂಗವ್ವ ಅದನ್ನು ಕೇಳಿ ಕಣ್ಣೀರು ತಂದುಕೊಂಡಳು. ಸೌಟನ್ನು ಮಾತ್ರ ಎತ್ತಲಿಲ್ಲ.

ನೀಲಾಳ ಪಾಡು ಬೇರೆ. ಇಂಚರ ಸಾಕು ಅನ್ನಲೇ ಇಲ್ಲ. ಮೊದಲ ದಿನ ತುತ್ತಿಗೆ ಹೆಸರಿಡದೆ ನೀಲಾ ಸುಮ್ಮನೆ ಉಣಿಸಿದಳು. ಇಂಚರ ಬಾಯಿ ತೆರೆದಳು, ಮುಚ್ಚಿದಳು, ಕೆನ್ನೆ ಉಬ್ಬಿಸಿಕೊಂಡಳು.

"ಸಾಕೇನವಾ?"

ಇಂಚರ ತಾಯಿಯನ್ನು ಸಂಶಯದಿಂದ ನೋಡಿ ಮತ್ತೆ ಬಾಯಿ ತೆರೆದಳು. ಇದೂ ಉಣಿಸುವ ಹೊಸ ಉಪಾಯವಿರಬೇಕೆಂದು ಅವಳಿಗೆ ಅನಿಸಿರಬೇಕು. ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ. ನೀಲಾ ತುತ್ತು ಹಿಡಿದು ಕೇಳುವಳು, ಕಾಯುವಳು. ಮಗಳ ಬಾಯಿ ತೆರೆಯುವುದನ್ನು ನೋಡುವುದು ಅವಳಿಗೆ ಇಷ್ಟೊಂದು ಕಷ್ಟ ಎಂದೂ ಆಗಿರಲಿಲ್ಲ.

ನಾಲ್ಕನೆಯ ದಿನ, ಎರಡೇ ತುತ್ತು ಉಂಡು, ಇಂಚರ ಮೆಲ್ಲಗೆ ಹೇಳಿದಳು: "ಸಾಕು."

ಅದು ಹೊಟ್ಟೆಯದಲ್ಲ, ಪರೀಕ್ಷೆಯದು ಎಂದು ನೀಲಾಳಿಗೆ ಗೊತ್ತಿತ್ತು. ಆದರೂ ಕೈ ತೊಳೆದು ತಾಟು ಎತ್ತಿಟ್ಟಳು. ಅಡುಗೆಕಟ್ಟೆಯ ಬಳಿ ನಿಂತಿದ್ದ ಬಸಲಿಂಗವ್ವ, "ಯವ್ವಾ, ಕೂಸು ಎರಡ ತುತ್ತಿಗೆ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. ಒಂದು ಗಂಟೆ ಕಳೆಯಿತು. ಇಂಚರ ಗೊಂಬೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು.

"ಅವ್ವಾ, ರೊಟ್ಟಿ ಐತೇನ? ನನಗ ಹಸಿವ್ಯಾಗೇತಿ."

ಆರು ವರ್ಷಗಳಲ್ಲಿ ಈ ಮಾತನ್ನು ನೀಲಾ ಕೇಳಿದ್ದು ಇದೇ ಮೊದಲು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ರೊಟ್ಟಿಯ ಬುಟ್ಟಿಗೆ ಕೈ ಹಾಕಿ, ಒಬ್ಬರನ್ನೊಬ್ಬರು ನೋಡಿ, ಒಂದೇ ಒಂದು ರೊಟ್ಟಿ ಕೊಟ್ಟರು.

ಎಂಟನೆಯ ದಿನ ಹಳೆಯ ಪಾಠ ಅಳಿಸಿ ಹೊಸದನ್ನು ತುಂಬಿ ದುಂಡವ್ವನನ್ನು ಮತ್ತೆ ತಟ್ಟೆಗಳ ಮುಂದೆ ನಿಲ್ಲಿಸಿದರು. ಈಗ ಅದು ಒಂದು ಹನಿ ಹಾಕುತ್ತಿತ್ತು, ಕಾಯುತ್ತಿತ್ತು. ತಟ್ಟೆಗಳು ಮಾತಾಡಲಿಲ್ಲ. ಒಂಬತ್ತನೆಯ ದಿನ, ಹತ್ತನೆಯ ದಿನ, ಏನೂ ಇಲ್ಲ. ಕಟ್ಟಿಯವರು ಗಂಟೆಗೊಮ್ಮೆ ಬಂದು ಬಾಗಿಲ ಸಂದಿಯಲ್ಲಿ ಹುಬ್ಬು ಹಾರಿಸಿ ಕೇಳುವರು, ರೇಷ್ಮಾ ತಲೆ ಅಲ್ಲಾಡಿಸುವಳು. ಹನ್ನೊಂದನೆಯ ದಿನ ಕಟ್ಟಿಯವರು, "ಅವಕ್ಕ ಸ್ವಲ್ಪ ಗದರಿಸಿ ನೋಡೂಣೇನು?" ಎಂದರು. ಇಬ್ಬರೂ ಹೆಂಗಸರು ಅವರನ್ನು ನೋಡಿದ ರೀತಿಗೆ, "ಹೇಳಿದೆ ಅಷ್ಟ" ಎಂದು ಹೊರಟುಹೋದರು.

ಹನ್ನೆರಡನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಏಳನೆಯ ತಟ್ಟೆಯಿಂದ ಒಂದು ಸಣ್ಣ ಸದ್ದು ಬಂತು. ರೇಷ್ಮಾ ಸ್ಪೀಕರಿಗೆ ಕಿವಿ ಹಚ್ಚಿದಳು.

"ಸಾಕು."

ದುಂಡವ್ವನ ಸೂಜಿ ನಿಂತಿತು. ತಟ್ಟೆ ಮತ್ತೊಮ್ಮೆ, ಈ ಸಲ ಸ್ವಲ್ಪ ಗಟ್ಟಿಯಾಗಿ, "ಸಾಕು" ಎಂದಿತು. ಸೂಜಿ ಮೇಲಕ್ಕೆ ಹೋಯಿತು.

ರೇಷ್ಮಾ ಕಾರಿಡಾರಿನಲ್ಲಿ ಓಡಿದ ಸದ್ದಿಗೆ ಐದೂ ಕೊಠಡಿಯವರು ಹೊರಗೆ ಬಂದರು.

ಹದಿನೈದನೆಯ ದಿನ ಉಚ್ಚಿಲರು ಬಂದಾಗ ಹನ್ನೆರಡರಲ್ಲಿ ಏಳು ತಟ್ಟೆಗಳು ಸಾಕು ಎಂದಿದ್ದವು. ಆ ಏಳರಲ್ಲಿ ಕೋಶಗಳು ಒಂದರ ಮೇಲೊಂದು ಏರುವುದನ್ನು ನಿಲ್ಲಿಸಿದ್ದವು. ಐದು ಇನ್ನೂ ಸುಮ್ಮನಿದ್ದವು.

"ಏಳಂದ್ರ ಹೆಚ್ಚೂಕಡಿಮಿ ಹನ್ನೆರಡೇ ಅಲ್ರಿ" ಎಂದರು ಕಟ್ಟಿಯವರು.

"ಏಳು ಅಂದರೆ ಏಳು" ಎಂದರು ಉಚ್ಚಿಲರು. ಏಳನೆಯ ತಟ್ಟೆಯ ಮುಂದೆ ಬಗ್ಗಿ ಬಹಳ ಹೊತ್ತು ಕೇಳಿದರು. ಆಮೇಲೆ, "ಪ್ರಶ್ನೆಯಲ್ಲಿ ಜೀವ ಉಂಟು" ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ನೀಲಾಳ ಕೈಗೆ ಕೊಟ್ಟರು. ಮೂರನೇ ಕೊಠಡಿ ಉಳಿಯತಕ್ಕದ್ದು. ಮುಚ್ಚಬೇಕಾದ ಕೊಠಡಿಯ ಬದಲಿಗೆ, ನಿರ್ದೇಶಕರು ತಮ್ಮ ಸಭಾಭವನವನ್ನು ಬಿಟ್ಟುಕೊಡಬಹುದು ಎಂದಿತ್ತು. ಕಟ್ಟಿಯವರು ಅದನ್ನು ಎರಡು ಸಲ ಓದಿ ಮತ್ತೆ ಕನ್ನಡಕ ಒರೆಸಿದರು.

"ಈ ಐದನ್ನು ಎಂತ ಮಾಡ್ತೀರಿ? ಚೆಲ್ಲುವುದಾ?" ಉಚ್ಚಿಲರು ಬಾಗಿಲಲ್ಲಿ ನಿಂತು ಕೇಳಿದರು.

"ಇಲ್ಲ ಮೇಡಂ. ಅವಕ್ಕೆ ಇನ್ನೂ ನಂಬಿಕೆ ಬಂದಿಲ್ಲ."

ಎಲ್ಲರೂ ಊಟಕ್ಕೆ ಹೊರಟರು. ನೀಲಾ ಕುರ್ಚಿ ಎಳೆದುಕೊಂಡು ಮಾತಾಡದ ಐದು ತಟ್ಟೆಗಳ ಮುಂದೆ ಕೂತಳು. ದುಂಡವ್ವ ಮೂರನೆಯ ತಟ್ಟೆಗೆ ಒಂದು ಹನಿ ಹಾಕಿತು. "ಸಾಕೇನವಾ?" ಎಂದು ಕೇಳಿತು. ಉತ್ತರ ಬರಲಿಲ್ಲ. ಸೂಜಿಯ ತುದಿಯಲ್ಲಿ ಮುಂದಿನ ಹನಿ ತುಂಬಿ ನಿಂತಿತ್ತು, ಬೀಳಲಿಲ್ಲ. ಯಂತ್ರ ಕಾಯುತ್ತಿತ್ತು. ನೀಲಾಳೂ ಕಾದಳು, ಅವಳಿಗೆ ಅವಸರವಿರಲಿಲ್ಲ.